ಅಪ್ಪ ಅಮ್ಮನ ಮೆಡಿಕೇರ್: ಎ, ಬಿ, ಸಿ, ಡಿ ಇದರಲ್ಲಿ ಎಲ್ಲಿಂದ ಶುರು ಮಾಡೋದು?

ಕೊಪ್ಪದ ಕಾಫಿ (ಎಡಿಸನ್, ನ್ಯೂಜೆರ್ಸಿ)

ಎಲ್ಲರಿಗೂ ನಮಸ್ಕಾರ. ಅಪ್ಪನಿಗೆ 74, ಅಮ್ಮನಿಗೆ 70. ಗ್ರೀನ್ ಕಾರ್ಡ್ ಮೇಲೆ 2021ರ ಸೆಪ್ಟೆಂಬರ್‌ನಲ್ಲಿ ಬಂದರು. ಬರುವ ಸೆಪ್ಟೆಂಬರ್‌ಗೆ 5 ವರ್ಷ ತುಂಬುತ್ತದೆ. ವರ್ಷಕ್ಕೊಮ್ಮೆ ಕಾಫಿ ಕೊಯ್ಲಿಗೆ ಎರಡು ತಿಂಗಳು ಕೊಪ್ಪಕ್ಕೆ ಹೋಗಿ ಬರುತ್ತಾರೆ, ಅಷ್ಟೇ.

5 ವರ್ಷ ಆದ ಮೇಲೆ ಮೆಡಿಕೇರ್, ಅಂದರೆ 65 ದಾಟಿದವರಿಗೆ ಇರುವ ಸರ್ಕಾರಿ ಆರೋಗ್ಯ ವಿಮೆ, ಸಿಗುತ್ತದೆ ಅಂತ ಗೊತ್ತು. ಅದಕ್ಕಿಂತ ಜಾಸ್ತಿ ಗೊತ್ತಿಲ್ಲ. ಹೋದ ವಾರ ಒಂದು ಗೃಹಪ್ರವೇಶದಲ್ಲಿ ಒಬ್ಬರು ಏಜೆಂಟ್ ಸಿಕ್ಕಿದ್ದರು. "ಅಡ್ವಾಂಟೇಜ್ ಪ್ಲಾನ್ ತಗೊಳ್ಳಿ, ಸೊನ್ನೆ ಪ್ರೀಮಿಯಂ, ಹಲ್ಲು ಕಣ್ಣು ಎಲ್ಲಾ ಸೇರಿ" ಅಂದರು. ಅಪ್ಪನಿಗೆ ತುಂಬಾ ಖುಷಿ. ನನಗೇಕೋ ಹೊಟ್ಟೆಯೊಳಗೆ ಕಸಿವಿಸಿ. ಅಪ್ಪನಿಗೆ ಬಿಪಿ, ಒಂದು ಸ್ಟೆಂಟ್. ಅಮ್ಮನಿಗೆ ಶುಗರ್, ಇನ್ಸುಲಿನ್ ಇದೆ. ಮಾತ್ರೆ ಎಲ್ಲಾ ಊರಿಂದಲೇ ತರೋದು. ಎಲ್ಲಿಂದ ಶುರು ಮಾಡಲಿ?

ಶನಿವಾರಸಂತೆ

ಸೊನ್ನೆ ಪ್ರೀಮಿಯಂ ಅಂತ ಯಾರಾದರೂ ಹೇಳಿದರೆ ಮೊದಲು ಪರ್ಸ್ ಮುಟ್ಟಿ ನೋಡಿಕೊಳ್ಳಿ.

ಬೆಣ್ಣೆದೋಸೆ (ಅಟ್ಲಾಂಟಾ)

ನಮ್ಮ ಮಾವನವರಿಗೆ ಅಡ್ವಾಂಟೇಜ್ ಇದೆ, ನಿಜವಾಗಿಯೂ ಸೊನ್ನೆ. ಎರಡು ವರ್ಷದಿಂದ ಆರಾಮಾಗಿದ್ದಾರೆ. ಸುಮ್ನೆ ಹೆದರಿಸಬೇಡಿ.

ಹಳೇ ಮೈಸೂರು (ಸನ್ನಿವೇಲ್)

ಬೆಣ್ಣೆದೋಸೆ ಅವರೇ, ನಿಮ್ಮ ಮಾವ ಇಲ್ಲಿ ಕೆಲಸ ಮಾಡಿ ನಿವೃತ್ತರಾದವರು ಅಲ್ವಾ? ಅಲ್ಲೇ ವ್ಯತ್ಯಾಸ ಇರೋದು.

ಕೊಪ್ಪದ ಕಾಫಿ, ನನಗೆ 72. ಇಲ್ಲಿ ಹೈಕ್ಯಾಪ್‌ನಲ್ಲಿ ಆರು ವರ್ಷದಿಂದ ಸ್ವಯಂಸೇವೆ ಮಾಡುತ್ತಿದ್ದೇನೆ. ಹಿರಿಯರ ಜೊತೆ ಕೂತು ಮೆಡಿಕೇರ್ ಬಿಡಿಸಿ ಹೇಳೋದು ಕೆಲಸ. ಬೇರೆ ರಾಜ್ಯಗಳಲ್ಲಿ ಇದಕ್ಕೆ ಶಿಪ್ ಅನ್ನುತ್ತಾರೆ, ನ್ಯೂಜೆರ್ಸಿಯಲ್ಲೂ ಇದೆ. ಪುಕ್ಕಟೆ. ನಾವು ಏನನ್ನೂ ಮಾರಲ್ಲ, ಕಮಿಷನ್ ಇಲ್ಲ. ಏಜೆಂಟರು ಕೆಟ್ಟವರು ಅಂತಲ್ಲ, ಆದರೆ ಅವರ ಚೀಲದಲ್ಲಿ ಇರುವ ಪ್ಲಾನುಗಳನ್ನು ಮಾತ್ರ ಅವರು ತೋರಿಸೋದು.

ಈಗ ಲೆಕ್ಕ. ಇಲ್ಲಿ 40 ಕ್ವಾರ್ಟರ್, ಅಂದರೆ ಸುಮಾರು 10 ವರ್ಷ ಕೆಲಸ ಮಾಡಿ ತೆರಿಗೆ ಕಟ್ಟಿದವರಿಗೆ ಪಾರ್ಟ್ ಎ (ಆಸ್ಪತ್ರೆಯಲ್ಲಿ ಅಡ್ಮಿಟ್ ಆದರೆ ಬರುವ ಖರ್ಚಿಗೆ) ಪುಕ್ಕಟೆ. ಗಂಡ ಹೆಂಡತಿಯಲ್ಲಿ ಒಬ್ಬರು ಮಾಡಿದ್ದರೂ ಆಯಿತು. ನಿಮ್ಮ ತಂದೆ ತಾಯಿ ಇಬ್ಬರೂ ಮಾಡಿಲ್ಲ ಅಂದುಕೊಂಡಿದ್ದೇನೆ. ಹಾಗಾದರೆ ಪಾರ್ಟ್ ಎ ದುಡ್ಡು ಕೊಟ್ಟೇ ತಗೊಳ್ಳಬೇಕು. 2026ರಲ್ಲಿ ತಿಂಗಳಿಗೆ 565 ಡಾಲರ್. ಪಾರ್ಟ್ ಬಿ (ಡಾಕ್ಟರ್, ಟೆಸ್ಟ್ ಖರ್ಚಿಗೆ) 202.90 ಡಾಲರ್. ಒಬ್ಬರಿಗೆ 767.90. ಇಬ್ಬರಿಗೆ 1,535.80.

ಅಡ್ವಾಂಟೇಜ್, ಅಂದರೆ ಖಾಸಗಿ ಕಂಪನಿ ನಡೆಸುವ ಪಾರ್ಟ್ ಸಿ, ಬೇಕಾದರೆ ಎ, ಬಿ ಎರಡೂ ಕೈಯಲ್ಲಿರಬೇಕು. ಸೊನ್ನೆ ಪ್ರೀಮಿಯಂ ಅನ್ನೋದು ಇಷ್ಟು ಕಟ್ಟಿದ ಮೇಲಿನ ಸೊನ್ನೆ. ಆ ಏಜೆಂಟ್ ಇದನ್ನು ಹೇಳಿದರಾ?

ಕೊಪ್ಪದ ಕಾಫಿ

ಇಲ್ಲ!! ತಿಂಗಳಿಗೆ ಒಂದೂವರೆ ಸಾವಿರ?? ಅಪ್ಪನಿಗೆ ಇನ್ನೂ ಹೇಳಿಲ್ಲ.

ಅಪ್ಪ ಊರಲ್ಲಿ 34 ವರ್ಷ ಹೈಸ್ಕೂಲ್ ಮೇಷ್ಟ್ರಾಗಿದ್ದರು. ಅದು ಲೆಕ್ಕಕ್ಕೆ ಬರಲ್ವಾ? ನಾನೂ ನನ್ನ ಗಂಡನೂ 16 ವರ್ಷದಿಂದ ಇಲ್ಲಿ ತೆರಿಗೆ ಕಟ್ಟುತ್ತಾ ಇದ್ದೇವೆ.

ಹಳೇ ಮೈಸೂರು

ಬರಲ್ಲಮ್ಮ. ಕೆಲವು ದೇಶಗಳ ಜೊತೆ ಅಮೆರಿಕಕ್ಕೆ ಸೋಷಿಯಲ್ ಸೆಕ್ಯುರಿಟಿ ಒಪ್ಪಂದ ಇದೆ, ಭಾರತದ ಜೊತೆ ಇಲ್ಲ. ಇನ್ನು ಮಕ್ಕಳು ಕಟ್ಟಿದ ತೆರಿಗೆ ಮಕ್ಕಳ ಖಾತೆಗೇ ಹೋಗೋದು. "ನನ್ನ ಮಗ 20 ವರ್ಷ ಕಟ್ಟಿದ್ದಾನೆ" ಅಂತ ವಾರಕ್ಕೊಬ್ಬರಾದರೂ ನನ್ನ ಹತ್ತಿರ ಹೇಳುತ್ತಾರೆ. ಸಿಟಿಜನ್ ಆದರೆ ಪಾರ್ಟ್ ಎ ಪುಕ್ಕಟೆ ಆಗತ್ತೆ ಅನ್ನೋದೂ ಸುಳ್ಳು. ಅದಕ್ಕೂ ಇದಕ್ಕೂ ಸಂಬಂಧ ಇಲ್ಲ.

ಗಿರ್ಮಿಟ್ (ಪ್ಲೇನೊ, ಟೆಕ್ಸಸ್)

ನಾ ಒಂದು ಮಾತು ಹೇಳ್ತೀನ್ರೀ, ಸಿಟ್ಟಾಗಬ್ಯಾಡ್ರಿ. ವರ್ಷಕ್ಕೆ ಹದಿನೆಂಟು ಸಾವಿರ ಡಾಲರ್ ಕಟ್ಟೋದಕ್ಕಿಂತ ಆ ದುಡ್ಡು ಬ್ಯಾಂಕಿನಾಗ ಇಟ್ಟು, ಏನರ ಆದ್ರ ವಿಮಾನ ಹತ್ತಿಸಿ ಬೆಂಗಳೂರಿಗೆ ಕಳಸ್ರಿ. ನಮ್ಮ ಅವ್ವಗ ಕಣ್ಣಿನ ಪೊರೆ ಹಂಗ ಮಾಡ್ಸಿದ್ವಿ. ಹೋದ ಸೆಪ್ಟೆಂಬರ್ 22ರಿಂದ ಅಲ್ಲೆ ಹೆಲ್ತ್ ಇನ್ಶೂರೆನ್ಸ್ ಮ್ಯಾಗ ಜಿಎಸ್‌ಟಿನೂ ತಗದಾರ.

ಮಾತ್ರೆ ಡಬ್ಬಿ (ಷಿಕಾಗೊ)

ಗಿರ್ಮಿಟ್ ಸರ್, ಕಣ್ಣಿನ ಪೊರೆ ಆರು ತಿಂಗಳು ಕಾಯುತ್ತದೆ. ಸ್ಟೆಂಟ್ ಹಾಕಿದ ಹೃದಯ ಕಾಯುತ್ತಾ? ರಾತ್ರಿ ಎರಡು ಗಂಟೆಗೆ ಎದೆ ಹಿಡಿದುಕೊಂಡರೆ ಯಾವ ವಿಮಾನ ಹತ್ತಿಸುತ್ತೀರಿ?

ಗಿರ್ಮಿಟ್

ಅದೂ ಖರೇನ. ಸೋತೆ.

ಶನಿವಾರಸಂತೆ

ಗಿರ್ಮಿಟ್ ಸೋತಿದ್ದನ್ನು ಯಾರಾದರೂ ಸ್ಕ್ರೀನ್‌ಶಾಟ್ ತಗೊಂಡ್ರಾ?

ತುಂಗೆ ದಡ (ಬಾಸ್ಟನ್)

ನಾವು ಅತ್ತೆಗೆ ಪಾರ್ಟ್ ಬಿ ಮಾತ್ರ ತಗೊಂಡಿದ್ದೇವೆ, ಎ ಇಲ್ಲ. ಡಾಕ್ಟರ್ ಭೇಟಿ, ಸ್ಕ್ಯಾನ್, ಟೆಸ್ಟ್ ಎಲ್ಲಾ ಬಿ ಒಳಗೆ ಬರುತ್ತದೆ. ತಿಂಗಳಿಗೆ ಇನ್ನೂರು ಚಿಲ್ಲರೆ. ಹೀಗೂ ಮಾಡಬಹುದು.

ಹಳೇ ಮೈಸೂರು

ಮಾಡಬಹುದು. ಬಿ ಇದ್ದರೆ ಮಾತ್ರೆಯ ಪಾರ್ಟ್ ಡಿ ಕೂಡ ಸಿಗುತ್ತದೆ. ಆದರೆ ಆಸ್ಪತ್ರೆಯಲ್ಲಿ ಅಡ್ಮಿಟ್ ಆದರೆ ಹಾಸಿಗೆ ಖರ್ಚು ಪೂರ್ತಿ ಮನೆಯವರ ಮೇಲೆ. ಎ ಇಲ್ಲದೆ ಅಡ್ವಾಂಟೇಜ್ ಇಲ್ಲ, ಮೆಡಿಗ್ಯಾಪ್ (ಎ, ಬಿ ಕೊಡದೆ ಉಳಿಸಿದ ಖರ್ಚಿಗೆ ತಗೊಳ್ಳುವ ಖಾಸಗಿ ವಿಮೆ) ಇಲ್ಲ. ಮುಂದೆ ಬೇಕು ಅಂದಾಗ ಎ ಮೇಲೂ ದಂಡ ಬೀಳಬಹುದು: ಶೇ. 10, ತಡ ಮಾಡಿದ ವರ್ಷಗಳ ಎರಡರಷ್ಟು ಕಾಲ. ಅತ್ತೆಯವರಿಗೆ ಒಂದು ಸೊಂಟದ ಮೂಳೆ ಮುರಿದರೆ ಸಾಕು. ಹೆದರಿಸುತ್ತಿಲ್ಲ, ನಾನು ನೋಡಿದ್ದೇನೆ.

ಇನ್ನೊಂದು ದಾರಿ ಇದೆ. ಎ ಪುಕ್ಕಟೆ ಸಿಗದವರು ಮೆಡಿಕೇರ್ ತಗೊಳ್ಳದೆ ಮಾರ್ಕೆಟ್‌ಪ್ಲೇಸ್ ಪ್ಲಾನಿನಲ್ಲೇ (ಸರ್ಕಾರಿ ತಾಣದಲ್ಲಿ ಕೊಳ್ಳುವ ಖಾಸಗಿ ವಿಮೆ) ಮುಂದುವರಿಯಬಹುದು. ಆದರೆ ಹೋದ ವರ್ಷದ ಕೊನೆಗೆ ಅಲ್ಲಿನ ಹೆಚ್ಚುವರಿ ಸಬ್ಸಿಡಿ ಮುಗಿದು ಕಂತು ಏರಿದೆ. ಮೆಡಿಕೇರ್‌ಗೆ ಆಮೇಲೆ ಬಂದರೆ ದಂಡವೂ ಇದೆ. ಎರಡನ್ನೂ ಕಾಗದದ ಮೇಲೆ ಬರೆದು ಕೂಡಿಸಿ ನೋಡಿ.

ಬೆಣ್ಣೆದೋಸೆ

ಕಡಿಮೆ ಆದಾಯದವರ ಸರ್ಕಾರಿ ವಿಮೆ ಮೆಡಿಕೈಡ್ ಬಗ್ಗೆ ಯಾಕೆ ಯಾರೂ ಹೇಳುತ್ತಿಲ್ಲ? ಅಪ್ಪ ಅಮ್ಮನಿಗೆ ಆದಾಯ ಇಲ್ಲವಲ್ಲ.

ಹಳೇ ಮೈಸೂರು

ಅವರಿಗೆ ಇಲ್ಲ, ಸ್ಪಾನ್ಸರ್ ಮಾಡಿದ ಮಗಳಿಗೆ ಇದೆಯಲ್ಲ. ಗ್ರೀನ್ ಕಾರ್ಡ್‌ಗೆ ಅವರ ಖರ್ಚಿಗೆ ನಾನು ಹೊಣೆ ಅಂತ ಐ-864 ಫಾರ್ಮಿಗೆ ಸಹಿ ಹಾಕಿದ್ದು ನೆನಪಿದೆಯಾ? ಅವರು ಸಿಟಿಜನ್ ಆಗುವವರೆಗೆ ಅಥವಾ 40 ಕ್ವಾರ್ಟರ್ ತುಂಬುವವರೆಗೆ ಸಾಮಾನ್ಯವಾಗಿ ನಿಮ್ಮ ಆದಾಯವನ್ನೂ ಅವರದ್ದು ಅಂತಲೇ ಹಿಡಿಯುತ್ತಾರೆ. ರಾಜ್ಯಕ್ಕೆ ತಕ್ಕಂತೆ ವ್ಯತ್ಯಾಸ ಇದೆ, ಶಿಪ್‌ನವರನ್ನೇ ಕೇಳಿ.

ರಿಟೈರ್ಡ್ ರಾಯರು (ಡೆಟ್ರಾಯಿಟ್)

ತಂದೆ ತಾಯಿ ಅಂತ ಎಲ್ಲರೂ ಬರೆಯುತ್ತಿದ್ದೀರಿ. ನಮ್ಮ ವಯಸ್ಸಿನವರೂ ಇದನ್ನು ಓದುತ್ತಾರೆ, ಅದಕ್ಕೆ ನನ್ನ ಪೆದ್ದುತನ ಇಲ್ಲಿ ಬರೆದು ಹಾಕುತ್ತೇನೆ.

ನನ್ನನ್ನು 66ನೇ ವಯಸ್ಸಿನಲ್ಲಿ, 2022ರ ಜೂನ್ ಕೊನೆಗೆ, ಕೆಲಸದಿಂದ ತೆಗೆದರು. ಕಂಪನಿಯ ಇನ್ಶೂರೆನ್ಸ್‌ನ್ನೇ 18 ತಿಂಗಳು ಮುಂದುವರಿಸಬಹುದು, ಕೋಬ್ರಾ ಅನ್ನುತ್ತಾರೆ. ತಗೊಂಡೆ. ಇನ್ಶೂರೆನ್ಸ್ ಇದೆಯಲ್ಲ, ಪಾರ್ಟ್ ಬಿ ಯಾಕೆ ಅಂತ ಬಿಟ್ಟೆ. ನಿಯಮ ಏನೆಂದರೆ ಕೆಲಸ ಬಿಟ್ಟ 8 ತಿಂಗಳೊಳಗೆ ಬಿ ತಗೊಳ್ಳಬೇಕು. ಕೋಬ್ರಾ ಇದ್ದರೂ ಆ ಗಡಿಯಾರ ನಿಲ್ಲಲ್ಲ. ಕೋಬ್ರಾ ಮುಗಿದ ಮೇಲೆ 2024ರ ಜನವರಿಯಲ್ಲಿ ಅರ್ಜಿ ಹಾಕಿದೆ. 12 ತಿಂಗಳು ದಾಟಿತ್ತು. ಶೇ. 10 ದಂಡ. ಈ ವರ್ಷದ ಲೆಕ್ಕಕ್ಕೆ ತಿಂಗಳಿಗೆ 20 ಡಾಲರ್ ಜಾಸ್ತಿ. ಬದುಕಿರುವ ತನಕ.

ನನ್ನ ಹೆಂಡತಿ ಹೇಳುತ್ತಾಳೆ, "ಹೆಸರಲ್ಲೇ ನಾಗರಹಾವು ಅಂತ ಬರೆದಿದ್ದರು, ನೀವು ಹಾಲೆರೆದಿರಿ."

ಶನಿವಾರಸಂತೆ

ಆಂಟಿಗೆ ನಮಸ್ಕಾರ ತಿಳಿಸಿ.

ಸಿಲಿಕಾನ್ ಸೋಮಾರಿ

ರಾಯರೇ, ಇನ್ನೊಂದು ಸೇರಿಸಿ. ನಮ್ಮ ಐಟಿ ಮಂದಿಗೆ ಇರ್ಮಾ ಅಂತ ಒಂದು ಇದೆ. ಒಂಟಿಯಾಗಿ 1,09,000 ಡಾಲರ್, ಜೋಡಿಗೆ 2,18,000 ದಾಟಿದರೆ ಬಿ ಮತ್ತು ಡಿ ಎರಡಕ್ಕೂ ಜಾಸ್ತಿ ಕಟ್ಟಬೇಕು. ನೋಡೋದು ಎರಡು ವರ್ಷದ ಹಿಂದಿನ ತೆರಿಗೆ. ಅಂದರೆ ಈಗ ಸಂಬಳ ಇಲ್ಲ, ಆದರೂ 2024ರ ಸಂಬಳದ ಮೇಲೆ ಬಿಲ್ ಬರುತ್ತದೆ. ನಿವೃತ್ತಿ ಆಯಿತು ಅಂತ ಎಸ್‌ಎಸ್‌ಎ-44 ಫಾರ್ಮ್ ತುಂಬಿ ಕೊಟ್ಟೆ, ಕಮ್ಮಿ ಮಾಡಿದರು. ಫಾರ್ಮ್ ಇದೆ ಅಂತ ಅವರಾಗಿ ಯಾರೂ ಹೇಳಲಿಲ್ಲ.

ಮಾತ್ರೆ ಡಬ್ಬಿ

ಎಲ್ಲರೂ ಎ, ಬಿ ಅಂತ ಹೊಡೆದಾಡುತ್ತಿದ್ದೀರಿ. ನಾನು ಫಾರ್ಮಸಿಸ್ಟ್. ನನ್ನ ಪ್ರಕಾರ ಕೊಪ್ಪದ ಕಾಫಿ ಶುರು ಮಾಡಬೇಕಾದದ್ದು ಅಮ್ಮನ ಮಾತ್ರೆ ಡಬ್ಬಿಯಿಂದ.

ಮೆಡಿಕೇರ್ ವೆಬ್‌ಸೈಟಿನಲ್ಲಿ ಪ್ಲಾನ್ ಹುಡುಕುವ ಪುಟ ಇದೆ. ಮಾತ್ರೆಯ ಹೆಸರು, ಎಷ್ಟು ಮಿಲಿಗ್ರಾಂ, ದಿನಕ್ಕೆ ಎಷ್ಟು, ಹತ್ತಿರದ ಫಾರ್ಮಸಿ ಯಾವುದು, ಇಷ್ಟು ಕೊಟ್ಟರೆ ಯಾವ ಪಾರ್ಟ್ ಡಿ ಪ್ಲಾನಿಗೆ ವರ್ಷಕ್ಕೆ ಒಟ್ಟು ಎಷ್ಟಾಗುತ್ತದೆ ಅಂತ ತೋರಿಸುತ್ತದೆ. ಕಂತು ಕಮ್ಮಿ ಇರುವ ಪ್ಲಾನ್ ಒಟ್ಟಿನಲ್ಲಿ ದುಬಾರಿ ಆಗಬಹುದು. ಅದೇ ಪ್ಲಾನ್, ಅದೇ ಮಾತ್ರೆ, ರಸ್ತೆಯ ಆಚೆ ಫಾರ್ಮಸಿಗೆ ಹೋದರೆ ದರ ಬೇರೆ.

ಆದರೆ ಅಲ್ಲಿ ಊರಿನ ಬ್ರ್ಯಾಂಡ್ ಹೆಸರು ಹಾಕಿದರೆ ಏನೂ ಬರಲ್ಲ. ಗ್ಲೈಕೋಮೆಟ್ ಅಂದರೆ ಮೆಟ್‌ಫಾರ್ಮಿನ್. ಟೆಲ್ಮಾ ಅಂದರೆ ಟೆಲ್ಮಿಸಾರ್ಟನ್. ಥೈರೋನಾರ್ಮ್ ಅಂದರೆ ಲೀವೋಥೈರಾಕ್ಸಿನ್. ಇಕೋಸ್ಪ್ರಿನ್ ಬರೀ ಆಸ್ಪಿರಿನ್. ಇನ್ನು ಕೆಲವು ಈ ದೇಶದಲ್ಲಿ ಇಲ್ಲವೇ ಇಲ್ಲ: ಬಿಪಿಗೆ ಸಿಲ್ನಿಡಿಪಿನ್, ಶುಗರ್‌ಗೆ ಗ್ಲಿಕ್ಲಜೈಡ್, ವಿಲ್ಡಾಗ್ಲಿಪ್ಟಿನ್. ಯಾವ ಪ್ಲಾನ್ ತಗೊಂಡರೂ ಸಿಗಲ್ಲ. ಇಲ್ಲಿನ ಡಾಕ್ಟರ್ ಬದಲಿ ಬರೆದುಕೊಡಬೇಕು. ಆ ಬದಲಿ ಹೆಸರು ಹಾಕಿ ಆಮೇಲೆ ಪ್ಲಾನ್ ಹುಡುಕಿ.

ಕೊಪ್ಪದ ಕಾಫಿ

ಅಕ್ಕ, ನೀವು ಹೇಳಿದ ತಕ್ಷಣ ಹೋಗಿ ನೋಡಿದೆ. ಅಪ್ಪನ ಮಾತ್ರೆ ಹಳೇ ಹಾರ್ಲಿಕ್ಸ್ ಬಾಟಲಿಯಲ್ಲಿ. ಸ್ಟ್ರಿಪ್‌ನ್ನು ಕತ್ತರಿಯಲ್ಲಿ ಒಂದೊಂದೇ ಮಾತ್ರೆಯಾಗಿ ಕತ್ತರಿಸಿ ಇಟ್ಟಿದ್ದಾರೆ, ತೆಗೆದುಕೊಳ್ಳಲು ಸುಲಭ ಅಂತ. ಒಂದರ ಮೇಲೆ "ಸಿಲಾ" ಅಂತ ಇದೆ, ಇನ್ನೊಂದರ ಮೇಲೆ "ಕಾರ್ 10". ಮತ್ತೊಂದರಲ್ಲಿ ಬರೀ ಬೆಲೆ. ಅರ್ಧ ಗಂಟೆ ನೆಲದ ಮೇಲೆ ಕೂತು ಜೋಡಿಸಿದೆವು. ಅಮ್ಮ ಪಕ್ಕದಲ್ಲಿ ನಿಂತು "ಬಿಳಿದು ಬೆಳಿಗ್ಗೆ, ಹಳದಿ ರಾತ್ರಿ, ನನಗೆ ಗೊತ್ತು" ಅನ್ನುತ್ತಿದ್ದಾರೆ.

ಮಾತ್ರೆ ಡಬ್ಬಿ

ಸಿಲಾಕಾರ್ 10. ಅದೇ ಸಿಲ್ನಿಡಿಪಿನ್! ಹೇಳಿದೆನಲ್ಲ. ನಿಮ್ಮಷ್ಟಕ್ಕೆ ನಿಲ್ಲಿಸಬೇಡಿ, ಡಾಕ್ಟರ್ ಹತ್ತಿರ ಹೋಗಿ.

ದಕ್ಷಿಣ ಕನ್ನಡಿ (ಟೊರಾಂಟೊ)

ಊರಿಂದ ತರೋದು ತಪ್ಪೇ? ಜನೌಷಧಿಯಲ್ಲಿ ಎಷ್ಟು ಸೋವಿ. ನಮ್ಮ ಕಡೆ ಪ್ರತಿ ಸೂಟ್‌ಕೇಸಿನಲ್ಲೂ ಹಪ್ಪಳದ ಕಟ್ಟಿನ ಪಕ್ಕ ಡೋಲೋ ಇರಲೇಬೇಕು.

ಮಾತ್ರೆ ಡಬ್ಬಿ

ಸ್ವಂತಕ್ಕೆ, ಚೀಟಿ ಸಮೇತ, ಮೂರು ತಿಂಗಳಿಗೆ ಆಗುವಷ್ಟು ತಂದರೆ ಸಾಮಾನ್ಯವಾಗಿ ತಕರಾರು ಮಾಡಲ್ಲ. ಇನ್ಸುಲಿನ್ ಮಾತ್ರ ಚೆಕ್-ಇನ್ ಲಗೇಜಿಗೆ ಹಾಕಬೇಡಿ, ಹೆಪ್ಪುಗಟ್ಟಿ ಹಾಳಾಗಬಹುದು. ಕೈಚೀಲದಲ್ಲಿ ಇಟ್ಟುಕೊಳ್ಳಿ.

ಹಾಗೆ ನೋಡಿದರೆ ಇನ್ಸುಲಿನ್ ತರುವ ಅಗತ್ಯವೇ ಬೀಳಲ್ಲ. ಪಾರ್ಟ್ ಡಿ ಇದ್ದರೆ, ಪ್ಲಾನಿನ ಪಟ್ಟಿಯಲ್ಲಿರುವ ಒಂದೊಂದು ಇನ್ಸುಲಿನ್‌ಗೂ ತಿಂಗಳಿಗೆ 35 ಡಾಲರ್‌ಗಿಂತ ಜಾಸ್ತಿ ಇಲ್ಲ, 2023ರಿಂದ. ಈ ವರ್ಷ ಸರ್ಕಾರವೇ ಚೌಕಾಸಿ ಮಾಡಿ ಇಳಿಸಿದ ಹತ್ತು ಔಷಧಿಗಳ ದರವೂ ಜಾರಿಗೆ ಬಂದಿದೆ. ಶುಗರ್ ಮಾತ್ರೆಗಳಲ್ಲಿ ಜನುವಿಯಾ ತಿಂಗಳಿಗೆ 113 ಡಾಲರ್, ಜಾರ್ಡಿಯನ್ಸ್ 197. ಅದು ಪೂರ್ತಿ ದರ, ನೀವು ಕೊಡೋದು ಅದರಲ್ಲಿ ಒಂದು ಪಾಲು. ವರ್ಷಕ್ಕೆ ನಿಮ್ಮ ಕೈಯಿಂದ 2,100 ಡಾಲರ್ ಹೋದರೆ ಅಲ್ಲಿಂದಾಚೆ ಪಟ್ಟಿಯಲ್ಲಿರುವ ಮಾತ್ರೆಗೆ ಸೊನ್ನೆ. ಕಂತು ಆ ಲೆಕ್ಕಕ್ಕೆ ಸೇರಲ್ಲ. ಊರಿಂದ ತಂದದ್ದೂ ಸೇರಲ್ಲ. ಮೊದಲು ಡೋನಟ್ ಹೋಲ್ ಅಂತ ಒಂದು ಗುಂಡಿ ಇತ್ತು, ವರ್ಷದ ನಡುವೆ ಪ್ಲಾನ್ ಕೊಡುವ ಪಾಲು ಇಳಿದು ಜನ ಅದಕ್ಕೆ ಬೀಳುತ್ತಿದ್ದರು. 2025ರಲ್ಲಿ ಮುಚ್ಚಿತು. ಕೌಂಟರಿನಲ್ಲಿ ಅಳುವವರು ಕಮ್ಮಿ ಆಗಿದ್ದಾರೆ, ನಿಜವಾಗಿ ಹೇಳುತ್ತಿದ್ದೇನೆ.

ಗಿರ್ಮಿಟ್

ನಮ್ಮ ಅಪ್ಪ ಒಂದೂ ಗುಳಿಗಿ ತಗೊಳಂಗಿಲ್ಲ. 78 ವಯಸ್ಸು. ದಿನಾ ಜೋಳದ ರೊಟ್ಟಿ. ಪಾರ್ಟ್ ಡಿ ಯಾಕ ಬೇಕು ಅವ್ರಿಗೆ?

ಹಳೇ ಮೈಸೂರು

ರೊಟ್ಟಿಗೆ ನಮಸ್ಕಾರ. ಆದರೆ ಡಿ ಬಿಟ್ಟ ಪ್ರತಿ ತಿಂಗಳಿಗೆ ಶೇ. 1 ದಂಡ. ಈ ವರ್ಷದ ಮೂಲ ದರ 38.99. ಇಪ್ಪತ್ತು ತಿಂಗಳು ಬಿಟ್ಟು ಬಂದರೆ ತಿಂಗಳಿಗೆ 7.80, ಜೀವನಪೂರ್ತಿ. ಮೂಲ ದರ ಏರಿದರೆ ದಂಡವೂ ಏರುತ್ತದೆ. ಮಾತ್ರೆ ಇಲ್ಲದವರಿಗೆ ಅತಿ ಕಮ್ಮಿ ಕಂತಿನ ಡಿ ಒಂದು ಹಿಡಿದಿಡಿ ಅಂತ ನಾನು ಹೇಳೋದು. ಸದ್ಯ ನಿಮ್ಮ ತಂದೆಗೆ ಮೆಡಿಕೇರ್ ಇದೆಯಾ?

ಗಿರ್ಮಿಟ್

ಇಲ್ರಿ, ಅವರು ಹುಬ್ಬಳ್ಳಿಯಾಗ ಇರ್ತಾರ.

ಶನಿವಾರಸಂತೆ

😂😂

ತುಂಗೆ ದಡ

ಅಡ್ವಾಂಟೇಜ್ ಬಗ್ಗೆ ಒಂದು. ನಮ್ಮ ಚಿಕ್ಕಪ್ಪ ಅಡ್ವಾಂಟೇಜ್‌ನಲ್ಲಿದ್ದರು. ಚಳಿಗಾಲ ಪೂರ್ತಿ ಶಿವಮೊಗ್ಗದಲ್ಲಿ, ಆಮೇಲೆ ಮದುವೆ, ಆಮೇಲೆ ಗೃಹಪ್ರವೇಶ ಅಂತ ಏಳು ತಿಂಗಳು ಉಳಿದರು. ಬಂದು ನೋಡಿದರೆ ಪ್ಲಾನಿನಿಂದ ಹೆಸರು ತೆಗೆದಿದ್ದಾರೆ. 6 ತಿಂಗಳಿಗಿಂತ ಜಾಸ್ತಿ ಆ ಪ್ಲಾನಿನ ಪ್ರದೇಶದ ಹೊರಗಿದ್ದರೆ ತೆಗೆಯುತ್ತಾರಂತೆ. ಕಾಗದ ಬಂದಿತ್ತು, ಪಕ್ಕದ ಮನೆಯವರು ಜೋಪಾನವಾಗಿ ಎತ್ತಿಟ್ಟಿದ್ದರು!

ಹಳೇ ಮೈಸೂರು

ಹೌದು. ಊರಿಗೆ ಓಡಾಡುವವರಿಗೆ ನಾನು ಒರಿಜಿನಲ್ ಮೆಡಿಕೇರ್ (ಎ ಮತ್ತು ಬಿ), ಮೆಡಿಗ್ಯಾಪ್, ಡಿ ಈ ಮೂರನ್ನೇ ಮೊದಲು ನೋಡಿ ಅನ್ನೋದು. ಒರಿಜಿನಲ್ ಮೆಡಿಕೇರ್ ಭಾರತದಲ್ಲಿ ಸಾಮಾನ್ಯವಾಗಿ ಏನೂ ಕೊಡಲ್ಲ. ಆದರೆ ಮೆಡಿಗ್ಯಾಪ್ ಜಿ, ಎನ್ ಥರದ ಪ್ಲಾನುಗಳಲ್ಲಿ ಪ್ರವಾಸದ ಮೊದಲ 60 ದಿನ ತುರ್ತು ಚಿಕಿತ್ಸೆಗೆ 250 ಡಾಲರ್ ಕಳೆದು ಶೇ. 80 ಸಿಗುತ್ತದೆ. ಜೀವಮಾನಕ್ಕೆ 50,000 ಡಾಲರ್ ಮಿತಿ. ಕಾಫಿ ಕೊಯ್ಲಿನ ಎರಡು ತಿಂಗಳಿಗೆ ಸರಿಯಾಗಿ ಕೂರುತ್ತದೆ ನೋಡಿ.

ಮೆಡಿಗ್ಯಾಪ್‌ಗೆ ಒಂದೇ ಒಳ್ಳೆಯ ಸಮಯ, ಪಾರ್ಟ್ ಬಿ ಶುರುವಾದ ಮೊದಲ 6 ತಿಂಗಳು. ಆಗ ಶುಗರ್ ಇದೆ, ಸ್ಟೆಂಟ್ ಇದೆ ಅಂತ ಇಲ್ಲ ಅನ್ನುವ ಹಾಗಿಲ್ಲ, ದರ ಏರಿಸುವ ಹಾಗೂ ಇಲ್ಲ. ಆಮೇಲೆ ಕಂಪನಿಯವರು ಅದನ್ನೆಲ್ಲ ಕೇಳಬಹುದು. ನ್ಯೂಯಾರ್ಕ್, ಕನೆಕ್ಟಿಕಟ್, ಮೆಸಾಚುಸೆಟ್ಸ್, ಮೇನ್‌ನಲ್ಲಿ ನಿಯಮ ಇನ್ನೂ ಸಡಿಲ, ನ್ಯೂಜೆರ್ಸಿ ಆ ಪಟ್ಟಿಯಲ್ಲಿಲ್ಲ. ಮೊದಲು ಅಡ್ವಾಂಟೇಜ್, ಆಮೇಲೆ ನೋಡೋಣ ಅಂದವರು ಇಲ್ಲೇ ಸಿಕ್ಕಿಬೀಳೋದು.

ಬೆಣ್ಣೆದೋಸೆ

ಸರ್, ನೀವು ಅಡ್ವಾಂಟೇಜ್ ವಿರೋಧಿ ಅಂತ ಕಾಣುತ್ತದೆ. ಮೆಡಿಗ್ಯಾಪ್‌ಗೆ ಮತ್ತೆ ತಿಂಗಳಿಗೆ ನೂರಾರು ಡಾಲರ್. ಎಲ್ಲರ ಮಕ್ಕಳೂ ಗೂಗಲ್‌ನಲ್ಲಿ ಇಲ್ಲ. ಮಾವ ಊರಿಗೆ ಹೋಗೋದೇ ಇಲ್ಲ, ಅವರ ಡಾಕ್ಟರ್ ನೆಟ್‌ವರ್ಕ್‌ನಲ್ಲಿದ್ದಾರೆ, ಹಲ್ಲಿನ ಸೆಟ್ಟಿಗೆ ದುಡ್ಡು ಬಂತು. ಇನ್ನೇನು ಬೇಕು?

ಹಳೇ ಮೈಸೂರು

ಒಪ್ಪಿದೆ. ನಿಮ್ಮ ಮಾವನಿಗೆ ಅದೇ ಸರಿ. ನಾನು ಸ್ವಲ್ಪ ಒಂದು ಕಡೆ ವಾಲಿದ್ದೇನೆ, ಅದೂ ನಿಜ. ಆರು ವರ್ಷದಲ್ಲಿ ಹೊಗಳಲು ಅಂತ ನನ್ನ ಹತ್ತಿರ ಯಾರೂ ಬರಲಿಲ್ಲ, ಬರೋದೆಲ್ಲ ತಕರಾರೇ.

ರಿಟೈರ್ಡ್ ರಾಯರು

ಫೋನ್ ಕಳ್ಳರ ಬಗ್ಗೆಯೂ ಎಚ್ಚರ. "ಮೆಡಿಕೇರ್ ಕಾರ್ಡ್ ಬದಲಾಗುತ್ತಿದೆ, ನಂಬರ್ ಹೇಳಿ" ಅಂತ ವಾರಕ್ಕೆರಡು ಕರೆ. ಮೆಡಿಕೇರ್‌ನವರು ಹಾಗೆ ತಾವಾಗಿ ಫೋನ್ ಮಾಡಿ ನಂಬರ್ ಕೇಳಲ್ಲ. ನಾನು ಕನ್ನಡದಲ್ಲಿ ಮಾತಾಡಿದರೆ ಅವರೇ ಇಡುತ್ತಾರೆ.

ಕೊಪ್ಪದ ಕಾಫಿ

ಮೂರು ವಾರ ಆಯಿತು, ಏನಾಯಿತು ಅಂತ ಹೇಳುತ್ತೇನೆ.

ನಮ್ಮ ಕೌಂಟಿಯ ಶಿಪ್‌ನವರ ಜೊತೆ ಒಂದೂವರೆ ಗಂಟೆ ಕೂತೆವು. ಸೆಪ್ಟೆಂಬರ್, ಅದರ ಹಿಂದಿನ ಮೂರು, ಮುಂದಿನ ಮೂರು ತಿಂಗಳು, ಒಟ್ಟು ಏಳು ತಿಂಗಳು ಅರ್ಜಿ ಹಾಕಲು ನಮ್ಮ ಸಮಯ. ಡಿಸೆಂಬರ್ 7 ಅನ್ನೋದು ಈಗಾಗಲೇ ಮೆಡಿಕೇರ್ ಇರುವವರು ಪ್ಲಾನ್ ಬದಲಿಸುವ ಗಡುವಂತೆ. ಏಜೆಂಟ್ ಅದನ್ನೇ ಹೇಳಿ ಅವಸರ ಮಾಡಿದ್ದರು. ನ್ಯೂಜೆರ್ಸಿಯಲ್ಲಿ ಪಾಡ್ ಅಂತ ಯೋಜನೆ ಇದೆ, ಆದಾಯ ಮಿತಿಯೊಳಗಿದ್ದರೆ ಜೆನೆರಿಕ್‌ಗೆ 5 ಡಾಲರ್, ಬ್ರ್ಯಾಂಡ್‌ಗೆ 7. ಅರ್ಜಿ ತಂದಿದ್ದೇವೆ. 5 ವರ್ಷ ಇಲ್ಲೇ ಇದ್ದರು ಅಂತ ತೋರಿಸಲು ಪಾಸ್‌ಪೋರ್ಟ್ ಸೀಲು, ಟಿಕೆಟ್ ಎಲ್ಲಾ ಒಂದು ಫೈಲು ಮಾಡಿದೆ.

ಸೋಷಿಯಲ್ ಸೆಕ್ಯುರಿಟಿ ಕಚೇರಿಗೆ ಫೋನ್ ಮಾಡಿ ಅಮ್ಮನಿಗಾಗಿ ಕನ್ನಡ ದುಭಾಷಿ ಕೇಳಿದೆ. ಪುಕ್ಕಟೆ ಕೊಡುತ್ತಾರೆ. ಮೊದಲು ಹಿಂದಿಯವರು ಬಂದರು. ಅಮ್ಮ ಬೇಡ ಅಂದರು. ಹತ್ತು ನಿಮಿಷ ಕಾದ ಮೇಲೆ ಒಬ್ಬರು ಹೆಂಗಸು, "ಹೇಳಿ ಅಮ್ಮ" ಅಂದರು. ಅಮ್ಮ ಕೇಳಿದ ಮೊದಲ ಪ್ರಶ್ನೆ: "ನಿಮ್ಮದು ಯಾವೂರು?" ಆಕೆ ಊರು ಹೇಳುವ ಹಾಗಿಲ್ಲವಂತೆ. ಅಮ್ಮ ಬಿಡಲಿಲ್ಲ. "ಮಾತು ಕೇಳಿದರೆ ಕುಂದಾಪುರದ ಕಡೆ" ಅಂದರು. ಆ ಕಡೆಯಿಂದ ಬರೀ ನಗು. ಕಚೇರಿಯವನು ಇಂಗ್ಲಿಷಿನಲ್ಲಿ, ಆಕೆ ಯಾಕೆ ನಗುತ್ತಿದ್ದಾಳೆ ಅಂತ ಕೇಳುತ್ತಿದ್ದಾನೆ.

ಅಮ್ಮನಿಗೆ ಎ, ಬಿ, ಡಿ, ಮೆಡಿಗ್ಯಾಪ್. ಅಪ್ಪನಿಗೂ ಅದೇ ಅಂತ ಅಂದುಕೊಂಡಿದ್ದೇವೆ, ಆದರೆ ಅಪ್ಪ 1,535 ಡಾಲರ್‌ಗೆ ಎಷ್ಟು ರೂಪಾಯಿ ಅಂತ ಲೆಕ್ಕ ಹಾಕಿದ ಮೇಲೆ ಎರಡು ದಿನ ಮಾತಾಡಲಿಲ್ಲ. ಈಗ ಪಟೇಲರ ಅಂಗಡಿಯಲ್ಲಿ ಕೆಲಸ ಕೇಳುತ್ತೇನೆ ಅನ್ನುತ್ತಿದ್ದಾರೆ.

ಸಿಲಿಕಾನ್ ಸೋಮಾರಿ

ಅದು ಹುಚ್ಚು ಮಾತಲ್ಲ. ಈ ವರ್ಷ 1,890 ಡಾಲರ್ ಸಂಪಾದಿಸಿದರೆ ಒಂದು ಕ್ವಾರ್ಟರ್, 7,560ಕ್ಕೆ ವರ್ಷದ ನಾಲ್ಕೂ ಬಂತು. 30 ಕ್ವಾರ್ಟರ್ ಆದರೆ ಪಾರ್ಟ್ ಎ 565ರಿಂದ 311ಕ್ಕೆ ಇಳಿಯುತ್ತದೆ.

ಕೊಪ್ಪದ ಕಾಫಿ

30 ಕ್ವಾರ್ಟರ್ ಅಂದರೆ ಅಪ್ಪನಿಗೆ 82 ಆಗುತ್ತದೆ.

ಗಿರ್ಮಿಟ್

ಮೇಷ್ಟ್ರು ಅಲ್ರೀ, ಕೊಡ್ರಿ ಕೆಲಸ. ಪಟೇಲರ ಲೆಕ್ಕ ಸರಿ ಮಾಡ್ತಾರ.

ಹೊಸಬಳು

ನಮಸ್ಕಾರ, ನಮ್ಮ ಅತ್ತೆಗೆ 64, ವಿಸಿಟರ್ ವೀಸಾ ಮೇಲೆ ಇದ್ದಾರೆ. ಅವರಿಗೂ ಮೆಡಿಕೇರ್ ಸಿಗುತ್ತಾ?

ಹಳೇ ಮೈಸೂರು

ಇಲ್ಲಮ್ಮ. ವಿಸಿಟರ್ ಇನ್ಶೂರೆನ್ಸ್ ಬಗ್ಗೆ ಬೇರೆ ಥ್ರೆಡ್ ಶುರು ಮಾಡಿ, ಬರುತ್ತೇನೆ. ಈಗ ನನ್ನ ಬಿಪಿ ಮಾತ್ರೆ ಸಮಯ.